ಕೆಲಸ ಕಾಣುವ ಯಂತ್ರ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಉಗಿಬಂಡಿಯ ಹುಚ್ಚು ಹತ್ತಿಸಿಕೊಂಡವರು. ಹಾಗಾಗಿ ಜೇಮ್ಸ್ ವಾಟ್‌ನಿಂದ ಶುರು ಮಾಡುವುದಿಲ್ಲ, ನೇರ ನೀಲಗಿರಿಗೆ ಹೋಗೋಣ.

ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಕೂನೂರಿನ ತನಕ ಉಗಿ ಎಂಜಿನ್ ಹಿಂದೆ ನಿಂತು ರೈಲನ್ನು ತಳ್ಳುತ್ತದೆ. ಕಲ್ಲಾರ್ ದಾಟಿದ ಮೇಲೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಬರುತ್ತದೆ. ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಅಂದರೆ ಉಗಿ ಒಳನುಗ್ಗಿ ಸಲಾಕೆ ತಳ್ಳುವ ಉರುಳೆಗಳು. ಬಯಲಲ್ಲಿ ಎರಡೇ ದುಡಿಯುತ್ತವೆ. ಏರು ಬಂತೋ, ಆ ಎರಡರಿಂದ ಹೊರಬಂದ ಉಗಿ ಉಳಿದೆರಡಕ್ಕೆ ಹೋಗಿ, ಆ ಪಟ್ಟಿಗೆ ಕಚ್ಚಿಕೊಳ್ಳುವ ಹಲ್ಲುಗಾಲಿ ತಿರುಗಿಸುತ್ತದೆ. ಒಂದೇ ಉಗಿಗೆ ಎರಡು ಸಲ ದುಡಿಮೆ! ಪಕ್ಕದಲ್ಲಿ ನಿಂತರೆ ಸಲಾಕೆಗಳು ಹೋಗಿ ಬರುವುದು ಕಾಣುತ್ತದೆ. ನಾನು ಹೇಳಬೇಕಾದ್ದು ಇದೇ. ಈ ಯಂತ್ರ ತನ್ನ ಕೆಲಸವನ್ನು ಮುಚ್ಚಿಡುವುದಿಲ್ಲ.

ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ದಾರಿಯ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ ನೀರು ತುಂಬಿಸಿಕೊಳ್ಳಲು ನಿಂತಿತು. ಜನ ಎಲ್ಲ ತಿಂಡಿ ಕಡೆ ಓಡಿದರು. ಅಮ್ಮ ಮಾತ್ರ ಎಂಜಿನ್ ಹತ್ತಿರ ಹೋಗಿ ನಿಂತರು. ಎಂಜಿನ್ನಿನವರೊಬ್ಬರು ಕೆಳಗಿಳಿದು ಬೇರಿಂಗುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಅಂಗೈಯಲ್ಲಲ್ಲ, ಕೈಯ ಹಿಂಬದಿಯಲ್ಲಿ. ಅಮ್ಮ ನನ್ನ ತೋಳು ಜಗ್ಗಿದರು. "ನೋಡೋ, ಜ್ವರ ಇದೆಯಾ ಅಂತ ನೋಡ್ತಿದಾರೆ!" ನಮ್ಮ ಹಣೆ ಮುಟ್ಟಿ ಅಮ್ಮ ನೋಡುತ್ತಿದ್ದದ್ದೂ ಹಾಗೇ ಅಲ್ವಾ? ಆಮೇಲೆ ಎಂಜಿನ್ನಿನವರು ಎಣ್ಣೆ ಡಬ್ಬಿ ತಂದರು. "ಕೀಲೆಣ್ಣೆ" ಅಂದರು ಅಮ್ಮ. ಎತ್ತಿನ ಗಾಡಿ ಇದ್ದ ಮನೆಯಲ್ಲಿ ಬೆಳೆದವರು. ಯಾರೂ ಅವರಿಗೆ ಏನೂ ವಿವರಿಸಲಿಲ್ಲ. ಎಲ್ಲ ಕಣ್ಣೆದುರೇ ನಡೆಯುತ್ತಿತ್ತು, ನೋಡಿ ತಿಳಿದುಕೊಂಡರು.

ನಮ್ಮ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಬರೋಣ. 1979ರಿಂದ ಇದೆ, ನನಗೆ ತುಂಬ ಇಷ್ಟದ ಜಾಗ. ಮಕ್ಕಳು ಎಂಜಿನ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ, ಒಳ್ಳೆಯದೇ. ಆದರೆ ತಣ್ಣಗೆ ನಿಂತ ಎಂಜಿನ್ ನೋಡಿ ಅದರ ಕೆಲಸ ಹೇಗೆ ತಿಳಿಯಬೇಕು? ಸಾಧಾರಣ ಎರಡು ಸಿಲಿಂಡರಿನ ಎಂಜಿನ್ನಿನ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಸಲ "ಛುಕ್" ಅನ್ನುತ್ತದೆ. ಆ ಲೆಕ್ಕ ಫಲಕ ಓದಿದರೆ ಮರೆಯುತ್ತದೆ, ಕಿವಿಯಲ್ಲಿ ಕೇಳಿದರೆ ಮರೆಯುವುದಿಲ್ಲ. ಹಳೆಯ ಎಂಜಿನ್ ಓಡಿಸಲು ಆಗುವುದಿಲ್ಲ ಅನ್ನಬೇಡಿ. 1855ರ ಫೇರಿ ಕ್ವೀನ್ ಎಂಬ ಉಗಿ ಎಂಜಿನ್ನನ್ನು 1997ರಲ್ಲಿ ಮತ್ತೆ ಹಳಿ ಮೇಲೆ ಓಡಿಸಿದರು. ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ನೀಲಗಿರಿಗೆ ಹೊಸ ಉಗಿ ಎಂಜಿನ್ನುಗಳನ್ನೇ ಕಟ್ಟಿದ್ದಾರೆ. ಕೈ ಪಳಗಿದವರು ಇನ್ನೂ ಇದ್ದಾರೆ.

ಚೀಟಿ ಬಂತು, ಎರಡೇ ನಿಮಿಷವಂತೆ. 1902ರಲ್ಲಿ ಶಿವನಸಮುದ್ರದ ಕರೆಂಟು ಬಂದು ಕೋಲಾರದ ಗಣಿಯ ಉಗಿ ಯಂತ್ರಗಳ ಕೆಲಸ ಹೋದ ಕತೆ ಹೇಳಬೇಕಿತ್ತು, ಇನ್ನೊಮ್ಮೆ ಹೇಳುತ್ತೇನೆ. ಕಲ್ಲಿದ್ದಲಿನ ಹೊಗೆಯ ಪ್ರಶ್ನೆ ದೊಡ್ಡದು, ಅದನ್ನೂ ಬಿಡುತ್ತಿದ್ದೇನೆ.

ಒಂದೇ ಮಾತು. ನೀಲಗಿರಿಗೆ ಹೋದರೆ ಹಿಲ್‌ಗ್ರೋವಿನಲ್ಲಿ ತಿಂಡಿಗೆ ಓಡಬೇಡಿ. ಸೀದಾ ರೈಲಿನ ಹಿಂಬದಿಗೆ ನಡೆಯಿರಿ, ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು.