ನಾಣ್ಯದ ಮೇಲೆ ಯಾರ ಮುಖ?

ಕೇಳುಗರಿಗೆಲ್ಲ ನಮಸ್ಕಾರ.

ದಾವಣಗೆರೆಯಲ್ಲಿ ಅಂಗಡಿಗೆ ಹೋಗಿ ಹತ್ತು ರೂಪಾಯಿ ನಾಣ್ಯ ಕೊಟ್ಟು ನೋಡಿ. ಕೆಲವರು ತಕ್ಷಣ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವುದಿಲ್ಲ. ತಿರುಗಿಸಿ ನೋಡುತ್ತಾರೆ. ಗೆರೆ ಹತ್ತೋ ಹದಿನೈದೋ ಎಂದು ಎಣಿಸುತ್ತಾರೆ. ಮೇಲೆ ಯಾರದೋ ಚಿತ್ರ ಕಂಡರೆ ಮುಗಿಯಿತು, "ಇದು ನಡೆಯಲ್ಲ, ನೋಟಿದ್ರೆ ಕೊಡಿ" ಅನ್ನುತ್ತಾರೆ. ಹತ್ತು ರೂಪಾಯಿಗೆ 14 ವಿನ್ಯಾಸಗಳಿವೆ, ಎಲ್ಲವೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಹೋಮಿ ಭಾಭಾ, ಅಂಬೇಡ್ಕರ್, ಸ್ವಾಮಿ ಚಿನ್ಮಯಾನಂದ, ಇವರೆಲ್ಲ ಹತ್ತು ರೂಪಾಯಿ ಮೇಲೆ ಬಂದವರೇ. ದೊಡ್ಡವರಿಗೆ ಗೌರವ ಸಲ್ಲಿಸಲು ಮಾಡಿದ ನಾಣ್ಯವನ್ನು ಜನ ಅನುಮಾನದಿಂದ ವಾಪಸ್ ಕೊಡುವುದು ನನಗೆ ತುಂಬ ನೋವಿನ ಸಂಗತಿ.

ದಿನನಿತ್ಯ ಕೈಬದಲಾಗುವ ನಾಣ್ಯದ ಮೇಲೆ ಬದುಕಿ ಬಾಳಿದ ಮನುಷ್ಯರ ಮುಖ ಇರಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯನ್ನು ನೀವು ನೋಡಿರುತ್ತೀರಿ. ಅಲ್ಲಿ ಅಗೆದಾಗ ರೋಮ್ ದೇಶದ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳ ಮೇಲೆ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ತಲೆ. ಅದೇ ಸೀಮೆಯಲ್ಲಿ ಇಲ್ಲಿಯದೇ ಆದ ಸೀಸದ ನಾಣ್ಯಗಳೂ ಸಿಕ್ಕವು. ಸದಕಣ ಎಂಬ ಮಹಾರಠಿ, ಅಂದರೆ ಆ ಕಾಲದ ಪ್ರಾಂತ್ಯದ ಒಡೆಯ, ಹೊರಡಿಸಿದವು. ಒಂದು ಕಡೆ ಹಿಣಿಲು ಎತ್ತಿ ನಿಂತ ಗೂಳಿ, ಸುತ್ತ ಅವನ ಹೆಸರು. ಇನ್ನೊಂದು ಕಡೆ ಬೇಲಿಯೊಳಗಿನ ಮರ. ಹೆಸರು ಹಾಕಿಸಿಕೊಂಡವನು ಮುಖ ಹಾಕಿಸಲಿಲ್ಲ. ನಮ್ಮ ಕಡೆಯ ದೊರೆಗಳು ಮುಂದೆಯೂ ಹೆಚ್ಚಾಗಿ ಇದೇ ದಾರಿ ಹಿಡಿದರು. ಕೃಷ್ಣದೇವರಾಯ ಬಾಲಕೃಷ್ಣನನ್ನು ಹಾಕಿಸಿದ, ಅಚ್ಯುತರಾಯ ಗಂಡಭೇರುಂಡವನ್ನು. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ. ಅವನ ಕಾಲದಲ್ಲಿ ಚಿತ್ರದುರ್ಗದಲ್ಲೇ ಟಂಕಸಾಲೆ ಇತ್ತು.

ತಲೆ ಹಾಕುವ ರೂಢಿಯನ್ನು ಇಲ್ಲಿ ಗಟ್ಟಿ ಮಾಡಿದವರು ಬ್ರಿಟಿಷರು. ಅದೂ ಸುಸೂತ್ರವಾಗಿ ನಡೆಯಲಿಲ್ಲ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲೊಂದು ಪುಟ್ಟ ಆನೆ ಇತ್ತು. ಅದು ಜನರ ಕಣ್ಣಿಗೆ ಹಂದಿಯಂತೆ ಕಂಡು ದೊಡ್ಡ ಗಲಾಟೆಯಾಯಿತು. ಮರುವರ್ಷ ಚಿತ್ರ ತಿದ್ದಬೇಕಾಯಿತು. 1950ರಲ್ಲಿ ಆರನೇ ಜಾರ್ಜ್ ತಲೆ ಹೋಗಿ ಅಶೋಕನ ಸಿಂಹಗಳು ಬಂದವು. ಗಣರಾಜ್ಯಕ್ಕೆ ಒಪ್ಪುವ ಕೆಲಸ ಅದು. ಅಮೆರಿಕದಲ್ಲೂ 1792ರಲ್ಲಿ ಅಧ್ಯಕ್ಷರ ತಲೆ ಹಾಕುವ ಮಾತು ಬಂದಾಗ, ಇದು ರಾಜರ ಚಾಳಿ ಎಂದು ಬಿಟ್ಟುಬಿಟ್ಟರು. ಲಿಂಕನ್ ಮುಖ ಒಂದು ಸೆಂಟಿನ ಮೇಲೆ ಬಂದದ್ದು 1909ರಲ್ಲಿ.

ನಾವು ಅಷ್ಟು ಕಾಯಲಿಲ್ಲ. 1964ರಲ್ಲಿ ನೆಹರೂ ತೀರಿಕೊಂಡರು, ಅದೇ ವರ್ಷದ ನಾಣ್ಯದಲ್ಲಿ ಅವರ ಮುಖ ಬಂತು. ಇಂದಿರಾ ಗಾಂಧಿ, ರಾಜೀವ್ ಗಾಂಧಿ ವಿಷಯದಲ್ಲೂ ತಡವಾಗಲಿಲ್ಲ. ವಾಜಪೇಯಿ 2018ರ ಆಗಸ್ಟಿನಲ್ಲಿ ಹೋದರು, ಡಿಸೆಂಬರಿನಲ್ಲಿ ಅವರ ನೂರು ರೂಪಾಯಿ ನಾಣ್ಯ ಬಂತು. ಯಾವ ಪಕ್ಷದ ಸರ್ಕಾರವಾದರೂ ಅಷ್ಟೇ. ನಾಣ್ಯ ಹೊರಡಿಸುವುದು ಕೇಂದ್ರ ಸರ್ಕಾರ, ಮುಖ ಆರಿಸುವುದೂ ಅದೇ. ದುಃಖ ಹಸಿಯಾಗಿರುವಾಗ ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಇದಕ್ಕೆ ಎದುರಾಗಿ ಒಂದು ಮಾತಿದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. 1990ರಲ್ಲಿ ಅಂಬೇಡ್ಕರ್ ಅವರ ಒಂದು ರೂಪಾಯಿ ನಾಣ್ಯ ಬಂತು. ಯಾರ ಕೈಯಿಂದ ಕಾಸು ತೆಗೆದುಕೊಳ್ಳಲೂ ಜನ ಮೈಲಿಗೆ ಅನ್ನುತ್ತಿದ್ದರೋ, ಅವರ ನಾಯಕ ಎಲ್ಲರ ಜೇಬಿಗೆ ಬಂದರು. ಆ ಹೆಮ್ಮೆ ಸಣ್ಣದಲ್ಲ. ನಮ್ಮ ಬಸವಣ್ಣನವರ ಐದು ರೂಪಾಯಿ ನಾಣ್ಯವೂ ಹಾಗೆಯೇ, 2006ರದು. ನಮ್ಮ ಮನೆಯಲ್ಲಿ ಅದು ಕೈಗೆ ಸಿಕ್ಕಾಗ ಅಮ್ಮ ಖರ್ಚು ಮಾಡಲು ಬಿಡಲಿಲ್ಲ. ತೊಳೆದು, ವಿಭೂತಿ ಹಚ್ಚಿ ದೇವರ ಗೂಡಿನಲ್ಲಿ ಇಟ್ಟರು. ಆ ಭಕ್ತಿ ನನಗೆ ಅರ್ಥವಾಗುತ್ತದೆ. ಆದರೆ ಗೂಡು ಸೇರಿದ ನಾಣ್ಯ ಸಂತೆಗೆ ಹೋಗುವುದಿಲ್ಲ ಅಲ್ವಾ? ಇನ್ನೊಂದು ವಿಷಯ. ಬಸವಣ್ಣ ಹೇಗಿದ್ದರು ಎಂದು ಕಂಡು ಬರೆದ ಚಿತ್ರವೇ ಇಲ್ಲ. ನಾಣ್ಯದ ಮೇಲಿರುವುದು ಕಲಾವಿದರ ಊಹೆ. ಸರ್ಕಾರ ಒಂದು ಊಹೆಗೆ ಮುದ್ರೆ ಒತ್ತಿದಾಗ ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಹಾಗಾದರೆ ದೊಡ್ಡವರನ್ನು ನೆನೆಯುವುದೇ ಬೇಡವಾ? ಖಂಡಿತ ಬೇಕು. ಸಂಗ್ರಹಕಾರರಿಗೆಂದೇ ಟಂಕಸಾಲೆಯವರು ಮಾರುವ ನೂರು ರೂಪಾಯಿ ಸ್ಮಾರಕ ನಾಣ್ಯಗಳಿವೆ. ಮುಖ ಅಲ್ಲಿ ಇರಲಿ. ಅದಕ್ಕೂ ಆ ವ್ಯಕ್ತಿ ಹೋಗಿ ಐವತ್ತು ವರ್ಷವಾದರೂ ಕಳೆದಿರಲಿ.

ಚಿಲ್ಲರೆ ನಾಣ್ಯದ ಕೆಲಸವೇ ಬೇರೆ. ಇಪ್ಪತ್ತು ರೂಪಾಯಿ ನಾಣ್ಯವನ್ನು ಮುಟ್ಟಿ ನೋಡಿ. ಹನ್ನೆರಡು ಮೂಲೆ, ಮೇಲೆ ತೆನೆಯ ಚಿತ್ರ. ಕಣ್ಣು ಕಾಣದವರು ಅಂಚಿನ ಮೇಲೆ ಬೆರಳಾಡಿಸಿ ಇದು ಇಪ್ಪತ್ತು ಎಂದು ಹೇಳಬಲ್ಲರು. ಅವರ ಬೆರಳಿಗೆ ಬೇಕಾದದ್ದು ಆಕಾರ ಮತ್ತು ತೂಕ. ಪ್ರತಿ ಬೆಲೆಗೂ ಹೀಗೆ ಒಂದೇ ಆಕಾರ, ಒಂದೇ ಚಿತ್ರ ಕೊಟ್ಟು, ಇಪ್ಪತ್ತೈದು ವರ್ಷ ಅದನ್ನು ಬದಲಿಸದೆ ಇಡಿ ಎಂದು ನಾನು ಸರ್ಕಾರವನ್ನು ಕೇಳುತ್ತೇನೆ. ನಮ್ಮ ಕಡೆಯಿಂದ ಮೆಕ್ಕೆಜೋಳದ ತೆನೆ ಹಾಕಲಿ, ಚಳ್ಳಕೆರೆಯ ಶೇಂಗಾ ಹಾಕಲಿ, ಅಮೃತ್ ಮಹಲ್ ಹೋರಿ ಹಾಕಲಿ. ಯಾವ ಪಕ್ಷದವರೂ, ಯಾವ ಜಾತಿಯವರೂ ಇವನ್ನು ಬೇಡ ಅನ್ನಲಾರರು.

ನಮಸ್ಕಾರ.