ಗಾಬರಿಯಾದಾಗ ಪ್ಲೇಟ್‌ಲೆಟ್‌ಗಳಿಗೆ ಏನಾಗುತ್ತದೆ?

ಕೇಳುಗರಿಗೆ ನಮಸ್ಕಾರ.

ಡೆಂಗಿ ಜ್ವರದಿಂದಾಗಿ ಪ್ಲೇಟ್‌ಲೆಟ್ ಅನ್ನೋ ಮಾತು ಮನೆಮನೆಗೂ ಗೊತ್ತಾಗಿದೆ. ಗಾಯವಾದ ಕಡೆ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವ ಪುಟ್ಟ ರಕ್ತಕಣಗಳು ಇವು. "ಕೌಂಟ್ ಎಷ್ಟಿದೆ?" ಅಂತ ಫೋನಿನಲ್ಲೇ ವಿಚಾರಿಸುತ್ತೇವೆ. ಕಡಿಮೆಯಾದರೆ ಹೆದರುತ್ತೇವೆ. ಆದರೆ ಕೌಂಟ್ ಸರಿಯಾಗಿದ್ದೂ ಅವು ಬೇಡದ ಕಡೆ ಅಂಟಿಕೊಂಡರೆ? ನನಗೆ ಅದರ ಚಿಂತೆ ಜಾಸ್ತಿ.

ರಾತ್ರಿ ಎರಡು ಗಂಟೆಗೆ ಫೋನ್ ಹೊಡೆದುಕೊಳ್ಳುತ್ತದೆ ಅಂದುಕೊಳ್ಳಿ. ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆಗ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ನಮ್ಮ ಪ್ಲೇಟ್‌ಲೆಟ್‌ಗಳಲ್ಲಿ ಮೂರನೇ ಒಂದು ಪಾಲು ಹೊಟ್ಟೆಯ ಎಡಗಡೆ ಇರುವ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ತಂಗಿರುತ್ತದೆ. ಗುಲ್ಮ ಹಿಂಡಿದಂತಾಗಿ ಅವೂ ಹೊರಗೆ ಬರುತ್ತವೆ. ಅಡ್ರಿನಲಿನ್ ಕೂತುಕೊಳ್ಳಲು ಪ್ಲೇಟ್‌ಲೆಟ್ ಮೇಲೇ ಜಾಗವಿದೆ. ಅಲ್ಲಿ ಕೂತರೆ ಅದರ ಅಂಟುವ ಗುಣ ಹೆಚ್ಚುತ್ತದೆ.

ಇದನ್ನು ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ರಕ್ತದಿಂದ ಕೆಂಪು ಕಣ ತೆಗೆದರೆ ಹಳದಿ ನೀರು ಉಳಿಯುತ್ತದೆ. ಪ್ಲೇಟ್‌ಲೆಟ್‌ಗಳು ತುಂಬಿರುವುದರಿಂದ ಅದು ಗಂಜಿತಿಳಿಯ ಹಾಗೆ ಮಬ್ಬಾಗಿರುತ್ತದೆ. ಅಡ್ರಿನಲಿನ್ ಹಾಕಿ ಕಲಕುತ್ತಾ ಹೋದರೆ ಕೆಲವೇ ನಿಮಿಷದಲ್ಲಿ ಹಾಲು ಒಡೆದ ಹಾಗೆ ಗಂಟುಗಂಟಾಗಿ, ನೀರು ತಿಳಿಯಾಗುತ್ತದೆ. ಅಲ್ಲಿ ಹಾಕುವ ಪ್ರಮಾಣ ತುಂಬಾ ಜಾಸ್ತಿ, ನಿಜ. ಮೈಯೊಳಗೆ ಅಡ್ರಿನಲಿನ್ ಒಂದೇ ಇಷ್ಟೆಲ್ಲ ಮಾಡುವುದಿಲ್ಲ. ಅಂಟಿಕೊಳ್ಳಿ ಅಂತ ಬೇರೆ ರಾಸಾಯನಿಕಗಳು ಕರೆದಾಗ ಆ ಕರೆಗೆ ಬಲ ಕೊಡುತ್ತದೆ.

ಹೊಡೆದಾಟಕ್ಕೆ ಇಳಿದ ಪ್ರಾಣಿಗೆ ಇದು ಒಳ್ಳೆಯದೇ. ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1914ರ ಹೊತ್ತಿಗೇ ಬೆಕ್ಕುಗಳಲ್ಲಿ ಇದನ್ನು ಗಮನಿಸಿದ್ದರು. ಆದರೆ ಕೊಬ್ಬು ಕಟ್ಟಿ ಕಿರಿದಾದ ಹೃದಯದ ರಕ್ತನಾಳದಲ್ಲಿ ಆ ಕೊಬ್ಬಿನ ಪದರ ಬಿರಿದರೆ, ಪ್ಲೇಟ್‌ಲೆಟ್‌ಗಳಿಗೆ ಅದೂ ಗಾಯವೇ. ಓಡಿ ಬಂದು ಅಂಟಿ, ದಾರಿಯನ್ನೇ ಮುಚ್ಚಿಬಿಡುತ್ತವೆ.

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಭೂಮಿ ನಡುಗಿತು. ದಿನಕ್ಕೆ ಸರಾಸರಿ ಐದಕ್ಕಿಂತ ಕಡಿಮೆ ಇದ್ದ ಹಠಾತ್ ಹೃದಯಸಂಬಂಧಿ ಸಾವುಗಳು ಆ ದಿನ 24ಕ್ಕೆ ಏರಿದವು. ಪ್ಲೇಟ್‌ಲೆಟ್ ಒಂದನ್ನೇ ದೂರುವಂತಿಲ್ಲ. ಬಿಪಿ ಏರುತ್ತದೆ, ಹೃದಯದ ಬಡಿತವೂ ತಪ್ಪುತ್ತದೆ.

ಹಾಗಾಗಿ ಮನೆಯಲ್ಲಿ ಜಗಳವಾದ ಮೇಲೋ, ಕೆಟ್ಟ ಸುದ್ದಿ ಕೇಳಿದ ಮೇಲೋ ಎದೆ ಹಿಂಡಿದ ಹಾಗಾಗಿ ಬೆವರು ಕಿತ್ತುಕೊಂಡರೆ, "ಸುಮ್ನೆ ಟೆನ್ಷನ್, ಮಲಗಿದರೆ ಹೋಗುತ್ತೆ" ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಇಸಿಜಿ ಆ ಹೊತ್ತಿಗೇ ಆಗಬೇಕು, ಬೆಳಗಾಗುವವರೆಗೆ ಕಾಯಬೇಡಿ.

ನಮಸ್ಕಾರ.