ಕೆಮ್ಮು ಇರಲಿ ಬಿಡಿ

(ವಿಜಯಪುರದಲ್ಲಿ ಸಂಗೀತಪ್ರಿಯ ಗೆಳೆಯರ ಮುಂದೆ ಆಡಿದ ಮಾತು)

ಗೋಳಗುಮ್ಮಟದ ಊರಲ್ಲಿ ನಿಂತು ದನಿಯ ಬಗ್ಗೆ ಮಾತಾಡಲು ಸ್ವಲ್ಪ ಅಳುಕೇ. ನೀವೆಲ್ಲ ಚಿಕ್ಕವರಿದ್ದಾಗ ಮೇಲೆ ಹತ್ತಿ ಕೂಗಿದವರೇ ಅಲ್ವಾ? ಒಂದು ಕೂಗು ಏಳೇಳು ಸಲ ತಿರುಗಿ ಬರುತ್ತದೆ. ಹಾಗಾದರೆ ಅಲ್ಲಿ ಗಿಟಾರ್ ನುಡಿಸಿದರೆ ಎಷ್ಟು ಚೆಂದ ಎಂದು ಮೊನ್ನೆ ಒಬ್ಬ ಹುಡುಗ ಕೇಳಿದ. ಇಲ್ಲಪ್ಪ, ಕಲಸುಮೇಲೋಗರ ಆಗುತ್ತದೆ. ಒಂದು ಸ್ವರ ಆರುವ ಮುಂಚೆ ಹತ್ತು ಸ್ವರ ಅದರ ಮೇಲೆ ಬಿದ್ದಿರುತ್ತವೆ. ಬೆರಳಲ್ಲಿ ಮೀಟುವ ಗಿಟಾರಿಗೆ ಸಣ್ಣ ಜಾಗ, ಹತ್ತಿರ ಕೂತ ಜನ ಬೇಕು.

ಅಂಥದೊಂದು ಕಛೇರಿ 1965ರ ಏಪ್ರಿಲ್‌ನಲ್ಲಿ ಅಮೆರಿಕದ ಓಹಾಯೋದ ಓಬರ್ಲಿನ್ ಕಾಲೇಜಿನಲ್ಲಿ ನಡೆಯಿತು. ಹಾಡಿದ್ದು ಮಿಸಿಸಿಪಿ ಜಾನ್ ಹರ್ಟ್. ಒಬ್ಬ ಅಜ್ಜ, ಒಂದು ಗಿಟಾರ್, ಎದುರಿಗೆ ಜನ. ಅಷ್ಟೇ. ಅದರ ರೆಕಾರ್ಡಿಂಗ್ ಉಳಿದಿದೆ.

ಈ ಅಜ್ಜ 1928ರಲ್ಲಿ ಓಕೆ ಎಂಬ ಗ್ರಾಮಫೋನ್ ಪ್ಲೇಟಿನ ಕಂಪನಿಗೆ ಕೆಲವು ಹಾಡು ಹಾಡಿದ್ದ. ಪ್ಲೇಟುಗಳು ಓಡಲಿಲ್ಲ. ಸುಮ್ನೆ ತನ್ನ ಹಳ್ಳಿ ಆವಲಾನ್‌ಗೆ ವಾಪಸ್ ಹೋಗಿ ಹೊಲದ ಕೆಲಸ ಮಾಡಿಕೊಂಡಿದ್ದ. ಒಂದು ಹಾಡಲ್ಲಿ ಊರಿನ ಹೆಸರು ಹೇಳಿದ್ದನಲ್ಲ, ಅದನ್ನೇ ಹಿಡಿದು 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬಾತ ಹುಡುಕಿಕೊಂಡು ಹೋದ. ಅಂಕಿತ ನೋಡಿ ಇದು ಯಾರ ವಚನ ಎಂದು ನಾವು ಗುರುತು ಹಿಡಿಯುತ್ತೇವಲ್ಲ, ಹಾಗೆ. ಅದೇ ವರ್ಷ ಅಜ್ಜ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದ. 1966ರಲ್ಲಿ ತೀರಿಕೊಂಡ.

ಅವನ ಹೆಬ್ಬೆರಳು ದಪ್ಪ ತಂತಿಗಳನ್ನು ಒಂದಾದ ಮೇಲೊಂದು ಬಡಿಯುತ್ತದೆ, ಎತ್ತು ಹೆಜ್ಜೆ ಹಾಕಿದ ಹಾಗೆ. ಉಳಿದ ಬೆರಳು ಸಣ್ಣ ತಂತಿಗಳಲ್ಲಿ ಹಾಡು ಎತ್ತುತ್ತವೆ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ತತ್ವಪದದವರು ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ ಹಿಡಿಯುತ್ತಾರಲ್ಲ, ಒಬ್ಬನೇ ಮೇಳ ಆಗುವ ಆ ಹಟ ಇಲ್ಲೂ ಇದೆ. ಎರಡೂ ಒಂದೇ ಎನ್ನುತ್ತಿಲ್ಲ. ಏಕತಾರಿ ಶ್ರುತಿ ಬಿಟ್ಟು ಅಲ್ಲಾಡುವುದಿಲ್ಲ, ಇವನ ಹೆಬ್ಬೆರಳು ಜಾಗ ಬದಲಿಸುತ್ತಲೇ ಇರುತ್ತದೆ. ಇವನು ಹಾಡುವುದು ಬ್ಲೂಸ್, ಅಮೆರಿಕದ ಕಪ್ಪು ಜನರ ಹಾಡಿನ ಬಗೆ. ಅದೆಂದರೆ ಬರೀ ಗೋಳು ಎಂದುಕೊಂಡವರು ಇವನನ್ನು ಕೇಳಬೇಕು. ಕಟ್ಟೆಯ ಮೇಲೆ ಕೂತು ಮಾತಾಡಿದಷ್ಟು ಮೆತ್ತಗೆ ಹಾಡುತ್ತಾನೆ.

ಇದೇ ಊರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಹಾಗಾಗಿ ಮರದ ಡಬ್ಬಿಗೂ ಜೀವ ಇದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಜೀವವನ್ನು ಹಿಡಿಯುವುದು ಕಷ್ಟ. ನಾನೊಮ್ಮೆ ನಮ್ಮ ಓಣಿಯ ಭಜನೆ ರೆಕಾರ್ಡ್ ಮಾಡಲು ಫೋನನ್ನು ಪೇಟಿಯ ಮೇಲೇ ಇಟ್ಟೆ. ಮನೆಗೆ ಬಂದು ಕೇಳಿದರೆ ತಿದಿಯ ಉಸಿರು, ಕೀಲಿಗಳ ಕಟಕಟ. ಹಾಡಿದವರು ಎಲ್ಲೋ ಬಾವಿಯೊಳಗೆ! ಗಿಟಾರಿನದೂ ಅದೇ ಕತೆ. ಮೈಕನ್ನು ತೂತಿನ ಎದುರೇ ಇಟ್ಟರೆ ಬರೀ ಗುಂಯ್ ಎನ್ನುತ್ತದೆ. ಕುತ್ತಿಗೆ ಡಬ್ಬಿಗೆ ಸೇರುವ ಕಡೆ ಮುಖ ಮಾಡಿ ಗೇಣು, ಒಂದೂವರೆ ಗೇಣು ದೂರ ಇಟ್ಟು ನೋಡಿ. ತಂತಿ, ಮರ, ಬೆರಳು ಮೂರೂ ಕೇಳುತ್ತವೆ.

ಮರುವಾರ ಫೋನನ್ನು ದೂರದ ಸ್ಟೂಲಿನ ಮೇಲಿಟ್ಟೆ. ಚೆನ್ನಾಗಿಯೇ ಬಂತು, ಆದರೆ ಪಕ್ಕದಲ್ಲಿ ಒಬ್ಬ ಹಿರಿಯರ ಕೆಮ್ಮು. ಜಾಣತನ ಮಾಡಿ ಸಾಫ್ಟ್‌ವೇರಿನಲ್ಲಿ ಅದನ್ನು ಅಳಿಸಿದೆ. ಕೆಮ್ಮಿನ ಜೊತೆ ತಾಳದ ಗುಂಗೂ ಹೋಯಿತು. ಉಳಿದದ್ದು ಯಾವ ಗುಡಿಯಲ್ಲೂ ನಡೆಯದ ಭಜನೆ.

ಈಗ ಓಬರ್ಲಿನ್ನಿನ ಒಂದು ಹಾಡು ಹಾಕುತ್ತೇನೆ. ದಪ್ಪ ತಂತಿಯ ಸುರುಳಿ ಮೇಲೆ ಬೆರಳು ಜಾರಿದರೆ ಕೀಚ್ ಎನ್ನುತ್ತದೆ, ಅದಕ್ಕೂ ಕಿವಿಗೊಡಿ. ಯಾರಾದರೂ ಆ ಫ್ಯಾನ್ ಬಂದ್ ಮಾಡಿ. ಸೆಕೆ ಜಾಸ್ತಿ, ಗೊತ್ತು. ಆದರೆ ಅದರ ಗೊರಗೊರ ಸದ್ದು ನೇರವಾಗಿ ಅಜ್ಜನ ಹೆಬ್ಬೆರಳಿನ ಮೇಲೇ ಕೂರುತ್ತದೆ. ಸ್ವಲ್ಪ ಹೊತ್ತು ತಡೆದುಕೊಳ್ಳಿ. ಕೆಮ್ಮು ಬಂದರೆ ಕೆಮ್ಮಿ.